ದೊಡ್ಡ ಸರ್ಕಾರಿ ಪ್ರೌಢಶಾಲೆಯಲ್ಲಿ ನಿಮ್ಮ ಮಗು: ಹಾಜರಿ, ಅಂಕ ಎರಡನ್ನೂ ಕಾಯುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ಒಂದು ಸೆಕ್ಷನ್ನಿಗೆ ನಾನು ಕ್ಲಾಸ್ ಟೀಚರ್ ಆಗಿದ್ದೆ. ಅರವತ್ತಕ್ಕೂ ಹೆಚ್ಚು ಮಕ್ಕಳು. ತಿಂಗಳ ಕೊನೆಗೆ ಹಾಜರಿ ಪುಸ್ತಕ ಕೂಡುತ್ತಾ ಕೂತಾಗ ಒಬ್ಬ ಹುಡುಗನ ಸಾಲಿನಲ್ಲಿ ಹನ್ನೊಂದು ಗೈರು ಕಂಡವು. ಒಟ್ಟಿಗೆ ಅಲ್ಲ, ಒಂದು ಇಲ್ಲಿ, ಒಂದು ಅಲ್ಲಿ. ಅಷ್ಟನ್ನೂ ಗುರುತು ಹಾಕಿದ್ದು ನಾನೇ, ಹಾಕುವಾಗ ಒಂದು ಸಲವೂ ನಿಂತು ಯೋಚಿಸಿರಲಿಲ್ಲ. ಮನೆಗೆ ಹೋದೆ. ಅವನ ತಾಯಿ ಗಾಬರಿಯಿಂದ ಹೇಳಿದರು: “ದಿನಾ ಹೋಗ್ತಾನಲ್ಲ ಮೇಷ್ಟ್ರೇ, ಬ್ಯಾಗ್ ಹಾಕ್ಕೊಂಡೇ ಹೋಗ್ತಾನೆ.” ಹುಡುಗ ಮನೆಯಲ್ಲಿದ್ದಾನೆ ಎಂದು ಶಾಲೆ ತಿಳಿದಿತ್ತು, ಶಾಲೆಯಲ್ಲಿದ್ದಾನೆ ಎಂದು ಮನೆ ತಿಳಿದಿತ್ತು. ಅವನು ಇದ್ದದ್ದು ಬಸ್ ಸ್ಟ್ಯಾಂಡ್ ಪಕ್ಕದ ಪಂಕ್ಚರ್ ಅಂಗಡಿಯಲ್ಲಿ.

ಅಂದಿನಿಂದ ಪೋಷಕರಿಗೆ ಒಬ್ಬೊಬ್ಬರಿಗಾಗಿ ಹೇಳುತ್ತಾ ಬಂದದ್ದನ್ನು ಇಲ್ಲಿ ಒಂದು ಕ್ರಮದಲ್ಲಿ ಬರೆಯುತ್ತಿದ್ದೇನೆ. ತಾಲ್ಲೂಕು ಕೇಂದ್ರದ ದೊಡ್ಡ ಸರ್ಕಾರಿ ಪ್ರೌಢಶಾಲೆ, ಪದವಿಪೂರ್ವ ಕಾಲೇಜಿನ ಪ್ರೌಢಶಾಲಾ ವಿಭಾಗ, ಕರ್ನಾಟಕ ಪಬ್ಲಿಕ್ ಶಾಲೆ, ಇಂಥ ಕಡೆ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರಿಗಾಗಿ ಇದು. ಏಳನೇ ತರಗತಿವರೆಗೆ ನಿಮ್ಮ ಮಗು ಊರ ಶಾಲೆಯಲ್ಲಿ ಹದಿನೈದಿಪ್ಪತ್ತು ಮಕ್ಕಳ ನಡುವೆ ಇತ್ತು. ಒಂದು ದಿನ ಬಾರದಿದ್ದರೆ ಟೀಚರ್ ದಾರಿಯಲ್ಲಿ ಸಿಕ್ಕಾಗ ಕೇಳುತ್ತಿದ್ದರು. ಎಂಟನೇ ತರಗತಿಗೆ ಬಂದ ಕೂಡಲೇ ಸುತ್ತಲಿನ ಹತ್ತಾರು ಊರುಗಳ ಮಕ್ಕಳು ಒಂದೇ ಕೋಣೆಯಲ್ಲಿ, ವಿಷಯಕ್ಕೊಬ್ಬ ಶಿಕ್ಷಕರು, ಪೀರಿಯಡ್‌ಗೊಮ್ಮೆ ಬೇರೆ ಮುಖ. ಒಳ್ಳೆಯ ಶಿಕ್ಷಕರೇ ಇದ್ದರೂ ಇಲ್ಲಿ ಒಂದು ಮಗು ಸದ್ದಿಲ್ಲದೆ ಕಳೆದುಹೋಗಬಹುದು. ಕಳೆದುಹೋಗುತ್ತಿದೆ ಎನ್ನುವುದಕ್ಕೆ ಮೊದಲ ಗುರುತು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ, ಹಾಜರಿಯಲ್ಲಿ ಕಾಣುತ್ತದೆ. ಅಂಕ ಬೀಳುವುದು ಆಮೇಲೆ.

ಹೆಜ್ಜೆ 1: ಶೇಕಡಾ ಬಿಟ್ಟು ದಿನ ಎಣಿಸಿ

ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಲು ಕನಿಷ್ಠ ಶೇ 75 ಹಾಜರಾತಿ ಬೇಕು ಎಂಬುದು ಬಹಳ ಜನಕ್ಕೆ ಗೊತ್ತು. ಅದು ಎಷ್ಟು ದಿನ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಲೆಕ್ಕ ಹಾಕೋಣ. ವರ್ಷಕ್ಕೆ 220 ದಿನ ಶಾಲೆ ನಡೆಯಿತು ಎಂದಿಟ್ಟುಕೊಳ್ಳಿ. ಅದರ ಮುಕ್ಕಾಲು 165 ದಿನ. ಅಂದರೆ 55 ದಿನ ತಪ್ಪಿಸಿದರೂ ನಿಯಮದ ಪ್ರಕಾರ ಪರೀಕ್ಷೆ ಬರೆಯಬಹುದು.

ಇಲ್ಲೇ ಅಪಾಯ ಇರುವುದು. 55 ದಿನ ಎಂದರೆ ಎರಡು ತಿಂಗಳಿಗೂ ಹೆಚ್ಚಿನ ಪಾಠ. ತಿಂಗಳಿಗೆ ನಾಲ್ಕು ದಿನ ತಪ್ಪಿಸುವ ಮಗುವಿಗೆ ವರ್ಷದ ಕೊನೆಗೆ ಶೇ 80ರ ಮೇಲೆಯೇ ಹಾಜರಿ ಇರುತ್ತದೆ. ಕಾಗದದ ಮೇಲೆ ಏನೂ ತೊಂದರೆ ಇಲ್ಲ, ಆದರೆ ಸುಮಾರು 40 ದಿನದ ಪಾಠ ಅದರ ತಲೆಗೆ ಹೋಗಿಲ್ಲ. 75 ಎನ್ನುವುದು ಹಾಲ್ ಟಿಕೆಟ್ ಸಿಗಲು ಬೇಕಾದ ಸಂಖ್ಯೆ. ಅಷ್ಟಿದ್ದರೆ ಕಲಿಕೆಗೆ ಸಾಕು ಎಂದು ಯಾವ ಶಿಕ್ಷಕರೂ ಹೇಳಲಾರರು. ನಾನು ಪೋಷಕರಿಗೆ ಹೇಳುವ ಅಳತೆ ಇಷ್ಟೇ: ತಿಂಗಳಲ್ಲಿ ಎರಡು ದಿನ ತಪ್ಪಿದರೆ ಜ್ವರವೋ ಮದುವೆಯೋ ಅಂದುಕೊಳ್ಳಿ, ಮೂರನೆಯದು ಬಂತೆಂದರೆ ಎದ್ದು ವಿಚಾರಿಸಿ.

ಮನೆಯ ಗೋಡೆಯ ಮೇಲೆ ಸೊಸೈಟಿಯವರೋ ಅಂಗಡಿಯವರೋ ಕೊಟ್ಟ ಕ್ಯಾಲೆಂಡರ್ ಇರುತ್ತದಲ್ಲ, ಅದೇ ಸಾಕು. ಶಾಲೆಗೆ ಹೋಗದ ದಿನಕ್ಕೆ ಮಗುವಿನ ಕೈಯಿಂದಲೇ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಸಿ, ಕಾರಣವನ್ನು ಪಕ್ಕದಲ್ಲಿ ಒಂದೇ ಪದದಲ್ಲಿ ಬರೆಸಿ: ಜ್ವರ, ಸಂತೆ, ತೋಟ, ಬಸ್ಸು. ಓದು ಬರಹ ಬಾರದ ಅಜ್ಜಿಯೂ ಕೆಂಪು ಸುತ್ತು ಎಣಿಸಬಲ್ಲಳು.

ಇನ್ನೊಂದು ಸಂಗತಿ ಬಹಳ ಜನಕ್ಕೆ ತಿಳಿದಿಲ್ಲ. ಹಾಜರಿ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹಾಕುತ್ತಾರೆ. ಬಿಸಿಯೂಟ ಮುಗಿಸಿ ಕಾಂಪೌಂಡ್ ಹಾರಿ ಹೋಗುವ ಮಗುವಿಗೆ ಅರ್ಧ ದಿನ ಗೈರು ಬೀಳುತ್ತದೆ. ಅದು ನಿಮ್ಮ ಕ್ಯಾಲೆಂಡರಿನಲ್ಲಿ ಕಾಣುವುದಿಲ್ಲ, ಶಾಲೆಯ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲೇಬೇಕು.

ಹೆಜ್ಜೆ 2: ಯಾವ ದಿನ ತಪ್ಪಿತು ಎಂಬುದರಲ್ಲಿ ಕಾರಣ ಹುಡುಕಿ

“ಯಾಕೋ ಹೋಗ್ಲಿಲ್ಲ?” ಎಂದು ಕೇಳಿದರೆ ಹದಿನಾಲ್ಕು ವರ್ಷದ ಮಗು ನಿಜ ಹೇಳುವುದಿಲ್ಲ. “ಹೊಟ್ಟೆನೋವು” ಎನ್ನುತ್ತದೆ. ದಿನಾಂಕಗಳು ಮಾತ್ರ ಸುಳ್ಳು ಹೇಳುವುದಿಲ್ಲ. ಕೆಂಪು ಸುತ್ತುಗಳು ವಾರದ ಯಾವ ದಿನದ ಮೇಲೆ ಬಿದ್ದಿವೆ ನೋಡಿ.

ಸೋಮವಾರಗಳೇ ಹೆಚ್ಚಿದ್ದರೆ ಭಾನುವಾರದ ನೆಂಟರ ಮನೆ, ಮದುವೆ, ಮರುದಿನದ ಆಯಾಸ. ಇದನ್ನು ಮನೆಯವರೇ ಸರಿಮಾಡಬಹುದು, ಹೆಚ್ಚು ಹೇಳಬೇಕಿಲ್ಲ. ಶನಿವಾರಗಳೇ ಹೆಚ್ಚಿದ್ದರೆ “ಬರೀ ಬೆಳಗಿನ ಕ್ಲಾಸು ತಾನೆ” ಎಂಬ ಉದಾಸೀನ. ಸಂತೆಯ ದಿನವಾದರೆ ಮಗು ಅಂಗಡಿಯಲ್ಲಿ ಕೂತಿದೆ.

ಸುಗ್ಗಿಯ ಗೈರು ಬೇರೆ ಥರದ್ದು. ಮಲೆನಾಡಿನಲ್ಲಿ ಅಡಿಕೆ ಕೊಯ್ಲು, ರಾಯಚೂರು ಯಾದಗಿರಿ ಕಡೆ ಹತ್ತಿ ಬಿಡಿಸುವುದು, ಕಬ್ಬಿನ ಸೀಮೆಯಲ್ಲಿ ಕಟಾವು, ಎಲ್ಲವೂ ಹೆಚ್ಚುಕಡಿಮೆ ದಸರಾ ಕಳೆದ ಮೇಲಿನ ತಿಂಗಳುಗಳಲ್ಲೇ ಬರುತ್ತವೆ. ಶಾಲೆಯಲ್ಲಿ ಪಠ್ಯದ ಕಷ್ಟದ ಭಾಗ ನಡೆಯುವುದೂ ಆಗಲೇ. ಕೈಗೆ ಬರುವ ಕೂಲಿ ಮನೆಗೆ ಎಷ್ಟು ಮುಖ್ಯ ಎಂದು ತಿಳಿಯದೆ “ಮಕ್ಕಳನ್ನು ಕೆಲಸಕ್ಕೆ ಕಳಿಸಬೇಡಿ” ಎಂದಷ್ಟೇ ಹೇಳಿ ಕೈ ತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಆದರೆ ಒಂದು ದಾರಿ ಇದೆ. ನೀವು ಗುಳೆ ಹೋಗುವವರಾದರೆ ಅಥವಾ ಸುಗ್ಗಿಯಲ್ಲಿ ತೋಟದ ಮನೆಯಲ್ಲೇ ಉಳಿಯುವವರಾದರೆ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ಹಿಂದುಳಿದ ವರ್ಗದವರ ಬಿಸಿಎಂ ಹಾಸ್ಟೆಲ್ ಬಗ್ಗೆ ಶಾಲೆ ಆರಂಭದ ತಿಂಗಳಲ್ಲೇ ವಿಚಾರಿಸಿ. ನವೆಂಬರಿನಲ್ಲಿ ಕೇಳಿದರೆ ಜಾಗ ಇರುವುದಿಲ್ಲ. ಹೆಡ್ ಮಾಸ್ಟರಿಗೆ ಮೊದಲೇ ಹೇಳಿಟ್ಟರೆ ಅರ್ಜಿ ತುಂಬಲು ಶಾಲೆಯವರೇ ನೆರವಾಗುತ್ತಾರೆ.

ಹೆಣ್ಣುಮಕ್ಕಳ ಗೈರು ತಿಂಗಳಿಗೊಮ್ಮೆ ಎರಡು ಮೂರು ದಿನ ಒಟ್ಟಿಗೆ ಬರುತ್ತಿದ್ದರೆ ಕಾರಣ ನಿಮಗೇ ಗೊತ್ತು. ಆ ದಿನಗಳಲ್ಲಿ ಶಾಲೆಗೆ ಹೋಗಲು ಏನು ಅಡ್ಡಿ ಎಂದು ತಾಯಿ ಮಗಳನ್ನು ಬಿಡಿಸಿ ಕೇಳಬೇಕು. ಬಹಳ ಸಲ ಉತ್ತರ ಒಂದೇ: ಶೌಚಾಲಯದಲ್ಲಿ ನೀರಿಲ್ಲ, ಚಿಲಕ ಇಲ್ಲ. ಇದು ಒಬ್ಬ ತಾಯಿ ಹೇಳಿದರೆ ದೂರು, ಎಂಟು ಜನ ತಾಯಂದಿರು ಒಟ್ಟಿಗೆ ಹೋಗಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಹೇಳಿದರೆ ಕೆಲಸ. ಹೆಣ್ಣುಮಕ್ಕಳಿಗೆ ಸರ್ಕಾರ ಉಚಿತವಾಗಿ ಕೊಡುವ ಶುಚಿ ಯೋಜನೆಯ ಪ್ಯಾಡ್ ಬರುತ್ತಿದೆಯೇ ಎಂದೂ ಅಲ್ಲೇ ಕೇಳಿ.

ಬಸ್ಸಿನ ಕಾರಣವೂ ನಿಜವಾದದ್ದೇ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹುಡುಗಿಯರಿಗೆ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿನ ಚಿಂತೆ ಇಲ್ಲ. ಹುಡುಗರಿಗೆ ವಿದ್ಯಾರ್ಥಿ ಪಾಸ್ ಮಾಡಿಸಲೇಬೇಕು, ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಬಸ್ಸೇ ಸರಿಯಾದ ಹೊತ್ತಿಗೆ ಬಾರದಿದ್ದರೆ ಊರಿನ ಎಲ್ಲ ಪೋಷಕರ ಸಹಿ ಇರುವ ಮನವಿಯೊಂದನ್ನು ಡಿಪೋ ಮ್ಯಾನೇಜರಿಗೆ ಕೊಡಿ. ಅದಕ್ಕೆ ಹೆಡ್ ಮಾಸ್ಟರರ ಒಂದು ಪತ್ರ ಸೇರಿದರೆ ತೂಕ ಹೆಚ್ಚು.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲಕ್ಕಿಂತ ಕಡಿಮೆ ಜನ ನೋಡುವುದು: ಗೈರಿನ ದಿನಾಂಕಗಳ ಪಕ್ಕದಲ್ಲಿ ತರಗತಿಯ ವೇಳಾಪಟ್ಟಿ ಇಡಿ. ಆ ಹುಡುಗನ ವಿಷಯದಲ್ಲಿ ನಾನು ಹೀಗೆ ಇಟ್ಟು ನೋಡಿದಾಗ ಹನ್ನೊಂದರಲ್ಲಿ ಎಂಟು ಗೈರುಗಳು ಮಂಗಳವಾರ, ಶುಕ್ರವಾರದ ಮೇಲೆ ಬಿದ್ದಿದ್ದವು. ಅವೆರಡೂ ನಾನು ಗಣಿತದ ಹೋಂವರ್ಕ್ ನೋಡುತ್ತಿದ್ದ ದಿನಗಳು. ಅವನು ಶಾಲೆ ತಪ್ಪಿಸುತ್ತಿರಲಿಲ್ಲ, ನನ್ನ ಪೀರಿಯಡ್ ತಪ್ಪಿಸುತ್ತಿದ್ದ. ಪಕ್ಕದಲ್ಲಿ ಕೂರಿಸಿಕೊಂಡು ಒಂದು ಲೆಕ್ಕ ಮಾಡಿಸಿದೆ. ಬೀಜಗಣಿತ ಬರದಿರುವುದು ಆಮೇಲಿನ ಮಾತು, ಐದರಲ್ಲಿ ಎಂಟು ಕಳೆದರೆ ಏನು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಋಣಸಂಖ್ಯೆ ಕಲಿಯಬೇಕಿದ್ದ ತರಗತಿಯಲ್ಲಿ ಎಲ್ಲೋ ತಪ್ಪಿಹೋಗಿತ್ತು. ಅದರ ಮೇಲೆ ಎರಡು ವರ್ಷದ ಗಣಿತ ಹೇರಿದ್ದೆವು. ಎದ್ದು ನಿಂತು ಎಲ್ಲರೆದುರು ತಲೆ ತಗ್ಗಿಸುವುದಕ್ಕಿಂತ ಪಂಕ್ಚರ್ ಹಾಕುವುದು ಅವನಿಗೆ ಹಿತವಾಗಿತ್ತು. ಅಲ್ಲಿ ಅವನು ಕೆಲಸ ಬಲ್ಲವನು.

ಹಾಗಾಗಿ ಮಗುವನ್ನು ಕೇಳುವ ಪ್ರಶ್ನೆಯನ್ನು ಬದಲಿಸಿ. “ನಾಳೆ ಯಾವ್ಯಾವ ಪೀರಿಯಡ್ ಇದೆ? ಯಾವುದು ಬೇಡ ಅನ್ಸುತ್ತೆ?” ಎಂದು ಊಟ ಬಡಿಸುವಾಗ ಸುಮ್ಮನೆ ಕೇಳಿ. ಉತ್ತರ ಒಂದೇ ದಿನ ಬರುವುದಿಲ್ಲ, ಮೂರ್ನಾಲ್ಕು ದಿನದಲ್ಲಿ ಬರುತ್ತದೆ. ಹೊಡೆತದ ಭಯ, ಹೀಯಾಳಿಕೆ, ದೊಡ್ಡ ಹುಡುಗರ ಕಾಟ ಎಂದು ತಿಳಿದರೆ ಹೆಡ್ ಮಾಸ್ಟರಿಗೆ ಬರವಣಿಗೆಯಲ್ಲಿ ಕೊಡಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಓರಗೆಯ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಶಾಲೆ ಬಿಟ್ಟಳು, ಮನೆಯಲ್ಲಿ ಮದುವೆ ಮಾತು ನಡೆದಿದೆ ಎಂದು ನಿಮ್ಮ ಮಗಳು ಹೇಳಿದರೆ ಅದನ್ನು ಬೇರೆಯವರ ಮನೆ ವಿಷಯ ಎಂದು ಬಿಡಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಹೆಜ್ಜೆ 3: ಕ್ಲಾಸ್ ಟೀಚರನ್ನು ತಿಂಗಳಿಗೊಮ್ಮೆ ನೋಡಿ

ಪೋಷಕರ ಸಭೆಗೆ ಕಾಯಬೇಡಿ. ಆ ಗದ್ದಲದಲ್ಲಿ ನಿಮ್ಮ ಮಗುವಿನ ಪಾಲಿಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು. ಮಧ್ಯಾಹ್ನ ಊಟದ ಹೊತ್ತಿಗೆ ಅಥವಾ ಕೊನೆಯ ಬೆಲ್ ಹೊಡೆದ ಮೇಲೆ ಹೋಗಿ. ಕ್ಲಾಸ್ ನಡೆಯುವಾಗ ಬಾಗಿಲಲ್ಲಿ ನಿಂತರೆ ಅವರಿಗೂ ಮಾತಾಡಲಾಗದು, ಮಗುವಿಗೂ ಮುಜುಗರ. ಕೂಲಿ ಬಿಟ್ಟು ಬರಲಾಗದಿದ್ದರೆ ಫೋನ್ ನಂಬರ್ ಕೇಳಿ ಪಡೆದು, ಯಾವ ಹೊತ್ತಿಗೆ ಮಾಡಬಹುದು ಎಂದೂ ಕೇಳಿಕೊಳ್ಳಿ.

“ಹೇಗೆ ಓದ್ತಾನೆ ಸಾರ್?” ಎಂದು ಕೇಳಬೇಡಿ. “ಪರವಾಗಿಲ್ಲ, ಇನ್ನೂ ಓದಬೇಕು” ಎಂಬುದೇ ಇದಕ್ಕೆ ಸಿಗುವ ಉತ್ತರ. ಅರವತ್ತು ಮಕ್ಕಳ ಬಗ್ಗೆ ಒಮ್ಮೆಲೇ ನೆನಪಿಟ್ಟು ಹೇಳುವುದು ಯಾರಿಗೂ ಕಷ್ಟ. ಬದಲಿಗೆ ಹೀಗೆ ಕೇಳಿ: ಈ ತಿಂಗಳು ಎಷ್ಟು ದಿನ ಗೈರು, ಅದರಲ್ಲಿ ಮಧ್ಯಾಹ್ನದವು ಎಷ್ಟು? ಯಾವ ಎರಡು ವಿಷಯದಲ್ಲಿ ಹಿಂದೆ ಇದ್ದಾನೆ? ಯಾರ ಪಕ್ಕ ಕೂರುತ್ತಾನೆ? ಈ ಕೊನೆಯ ಪ್ರಶ್ನೆಗೆ ಬೆಲೆ ಕೊಡಿ. ಜೊತೆಗಾರ ಶಾಲೆ ತಪ್ಪಿಸುವವನಾದರೆ ನಿಮ್ಮ ಮಗುವೂ ತಪ್ಪಿಸುತ್ತದೆ.

ಹೋದಾಗಲೇ ಸ್ಯಾಟ್ಸ್‌ನಲ್ಲಿರುವ, ಅಂದರೆ ಮಕ್ಕಳ ವಿವರ ಇಡುವ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿರುವ, ನಿಮ್ಮ ಫೋನ್ ನಂಬರ್ ಸರಿಯಿದೆಯೇ ನೋಡಿಸಿ. ಒಂದನೇ ತರಗತಿಗೆ ಸೇರಿಸುವಾಗ ಕೊಟ್ಟ ಹಳೆಯ ಸಿಮ್ಮಿನ ನಂಬರ್, ಇಲ್ಲವೇ ದುಬೈಗೋ ಬೆಂಗಳೂರಿಗೋ ಹೋದ ಮಾವನ ನಂಬರ್ ಎಷ್ಟೋ ಮಕ್ಕಳ ಹೆಸರಿನ ಮುಂದೆ ಇನ್ನೂ ಇದೆ. ಶಾಲೆ ಕರೆ ಮಾಡುತ್ತದೆ, ಯಾರೂ ಎತ್ತುವುದಿಲ್ಲ. ಮಗುವಿನ ಹೆಸರು, ತಂದೆ ತಾಯಿ ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿರುವಂತೆಯೇ ಇದೆಯೇ ಎಂದೂ ಎಂಟನೇ ತರಗತಿಯಲ್ಲೇ ನೋಡಿಬಿಡಿ. ವಿದ್ಯಾರ್ಥಿವೇತನ ನಿಲ್ಲುವುದು ಬಹಳ ಸಲ ಒಂದು ಅಕ್ಷರದ ವ್ಯತ್ಯಾಸಕ್ಕೆ.

ನಿಮಗೆ ಓದು ಬರಹ ಬಾರದಿದ್ದರೆ ಸಂಕೋಚ ಬೇಡ. ಕ್ಯಾಲೆಂಡರಿನ ಆ ಹಾಳೆಯನ್ನು ಕಿತ್ತು ತನ್ನಿ, ಸಾಕು. ಕೆಂಪು ಸುತ್ತಿನ ಕ್ಯಾಲೆಂಡರ್ ಹಿಡಿದು ಬಂದ ತಾಯಿಯ ಮಗುವನ್ನು ಯಾವ ಶಿಕ್ಷಕರೂ ಮರೆಯುವುದಿಲ್ಲ.

ಹೆಜ್ಜೆ 4: ತಪ್ಪಿದ ಪಾಠವನ್ನು ಮೂರು ದಿನದಲ್ಲಿ ಹಿಡಿಯಿರಿ

ಜ್ವರ ಬಂತು, ನಾಲ್ಕು ದಿನ ಹೋಗಲಿಲ್ಲ. ಐದನೇ ದಿನ ಹೋದ ಮಗುವಿಗೆ ಬೋರ್ಡಿನ ಮೇಲಿನದು ಅರ್ಥವಾಗುವುದಿಲ್ಲ. ಆರನೇ ದಿನ ಮತ್ತೆ “ಹೊಟ್ಟೆನೋವು”. ಒಂದು ಗೈರು ಇನ್ನೊಂದನ್ನು ಹೆರುವುದು ಹೀಗೆ. ಅದಕ್ಕೇ ಮರಳಿದ ಮೊದಲ ಮೂರು ದಿನ ಬಹಳ ಮುಖ್ಯ.

ಮೊದಲು ರಜೆ ಚೀಟಿ ಕೊಡಿ, ಡಾಕ್ಟರ್ ಚೀಟಿ ಇದ್ದರೆ ಅದರ ಒಂದು ಪ್ರತಿ ಮನೆಯಲ್ಲೂ ಇರಲಿ. ಆಮೇಲೆ ನೋಟ್ಸ್. ಗಣಿತ, ವಿಜ್ಞಾನ ಮೊದಲು, ಏಕೆಂದರೆ ನಿನ್ನೆಯ ಪಾಠ ಇಲ್ಲದೆ ಇವತ್ತಿನದು ನಿಲ್ಲುವುದಿಲ್ಲ. ಇಂಗ್ಲಿಷ್ ನಂತರ. ಸಮಾಜ ವಿಜ್ಞಾನ, ಕನ್ನಡ, ಹಿಂದಿಯನ್ನು ವಾರದ ಕೊನೆಗೆ ಇಟ್ಟುಕೊಳ್ಳಬಹುದು. ಒಂದು ಎಚ್ಚರಿಕೆ: ಗೆಳೆಯನ ನೋಟ್ಸನ್ನು ಅಂದವಾದ ಅಕ್ಷರದಲ್ಲಿ ಇಡೀ ರಾತ್ರಿ ನಕಲು ಮಾಡುವುದು ಕಲಿಕೆ ಅಲ್ಲ. ಗಣಿತದಲ್ಲಿ ಬಿಡಿಸಿದ ಎರಡು ಲೆಕ್ಕ ನೋಡಿ, ಪುಸ್ತಕ ಮುಚ್ಚಿ, ಮೂರನೆಯದನ್ನು ತಾನೇ ಮಾಡಬೇಕು. ಮಾಡಲಾಗದಿದ್ದರೆ ಮರುದಿನ ಆ ಒಂದು ಲೆಕ್ಕ ಹಿಡಿದು ಶಿಕ್ಷಕರ ಬಳಿ ಹೋಗಬೇಕು. “ಸಾರ್, ಪಾಠ ಅರ್ಥ ಆಗಿಲ್ಲ” ಎಂದವನಿಗಿಂತ “ಸಾರ್, ಈ ಸಾಲಿನಿಂದ ಈ ಸಾಲಿಗೆ ಹೇಗೆ ಬಂತು?” ಎಂದವನಿಗೆ ಬೇಗ ಉತ್ತರ ಸಿಗುತ್ತದೆ.

ಹೆಜ್ಜೆ 5: ಅಂಕ ನೋಡಬೇಡಿ, ಉತ್ತರ ಪತ್ರಿಕೆ ನೋಡಿ

ವರ್ಷದಲ್ಲಿ ನಾಲ್ಕು ರೂಪಣಾತ್ಮಕ ಪರೀಕ್ಷೆ, ಅಂದರೆ ಎಫ್‌ಎ, ನಡೆಯುತ್ತವೆ. ಅವು ಸಣ್ಣವು ಎಂದು ಮಕ್ಕಳು ತಪ್ಪಿಸುತ್ತಾರೆ, ಮನೆಯವರು ಗಮನಿಸುವುದಿಲ್ಲ. ಎಸ್‌ಎಸ್‌ಎಲ್‌ಸಿಯ ಲೆಕ್ಕ ಬಲ್ಲವರು ಹೀಗೆ ಬಿಡಲಾರರು. ವರ್ಷಗಳಿಂದ ನಡೆದುಬಂದಿರುವ ಕ್ರಮದಲ್ಲಿ ಒಟ್ಟು 625 ಅಂಕ: ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಇದರಲ್ಲಿ ಪ್ರಥಮ ಭಾಷೆಯ 25, ಉಳಿದವುಗಳ ತಲಾ 20 ಆಂತರಿಕ ಅಂಕ. ಕೂಡಿಸಿ ನೋಡಿ, 125. ಐದರಲ್ಲಿ ಒಂದು ಪಾಲು ಅಂಕ ಮಾರ್ಚ್ ಪರೀಕ್ಷೆಗೆ ಮೊದಲೇ, ಶಾಲೆಯಲ್ಲಿ ವರ್ಷವಿಡೀ ಮಾಡಿದ ಕೆಲಸದ ಮೇಲೆ ಬರುತ್ತದೆ. ಚಟುವಟಿಕೆ, ಪ್ರಾಜೆಕ್ಟ್, ಕಿರುಪರೀಕ್ಷೆಯ ದಿನ ಮಗು ಶಾಲೆಯಲ್ಲಿರಬೇಕು. ಹಾಜರಿಗೂ ಅಂಕಕ್ಕೂ ಇರುವ ನೇರ ಸಂಬಂಧ ಇದು.

ಪ್ರತಿ ಪರೀಕ್ಷೆ ಆದ ಮೇಲೆ ಉತ್ತರ ಪತ್ರಿಕೆ ಕೇಳಿ ತರಿಸಿ. ತಪ್ಪಾದ ಪ್ರಶ್ನೆಗಳ ಮುಂದೆ ಮಗುವೇ ಮೂರರಲ್ಲಿ ಒಂದು ಬರೆಯಲಿ: ಗೊತ್ತಿರಲಿಲ್ಲ, ಗೊತ್ತಿತ್ತು ಆದರೆ ಮರೆತೆ, ಗೊತ್ತಿತ್ತು ಆದರೆ ಸಮಯ ಸಾಲಲಿಲ್ಲ. ಮೊದಲನೆಯದಕ್ಕೆ ಮದ್ದು ಪಾಠ ಕಲಿಯುವುದು, ಎರಡನೆಯದಕ್ಕೆ ಮತ್ತೆ ಮತ್ತೆ ಓದುವುದು, ಮೂರನೆಯದಕ್ಕೆ ಗಡಿಯಾರ ಇಟ್ಟು ಬರೆಯುವುದು. ಮೂರಕ್ಕೂ “ಇನ್ನೂ ಚೆನ್ನಾಗಿ ಓದು” ಎಂದರೆ ಮಗುವಿಗೆ ಏನು ಮಾಡಬೇಕೆಂದೇ ತಿಳಿಯದು.

ಎಂಟನೇ ತರಗತಿಯಲ್ಲಿ ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಿ. ಪತ್ರಿಕೆಯ ಹತ್ತು ಸಾಲು ಜೋರಾಗಿ ಓದಿಸಿ, ಏನು ಓದಿದೆ ಹೇಳು ಎನ್ನಿ. ಮಗ್ಗಿ ಕೇಳಿ. ಭಾಗಾಕಾರದ ಒಂದು ಲೆಕ್ಕ ಕೊಡಿ. ತಡವರಿಸಿದರೆ ಬೈಯಬೇಡಿ, ಶಾಲೆಗೆ ಹೋಗಿ ಹೇಳಿ. ಜೂನ್‌ನಲ್ಲಿ ನಡೆಯುವ ಸೇತುಬಂಧ ಇರುವುದೇ ಹಿಂದಿನ ತರಗತಿಯ ಕೊರತೆ ತುಂಬಲು. ವರ್ಷದ ಆರಂಭದ ಆ ದಿನಗಳನ್ನು “ಇನ್ನೂ ಪಾಠ ಶುರುವಾಗಿಲ್ಲ” ಎಂದು ಊರಲ್ಲಿ ಕಳೆಯುವ ಮಕ್ಕಳೇ ಅದು ಬೇಕಾದ ಮಕ್ಕಳು. ಚೆನ್ನಾಗಿ ಓದುವ ಮಗುವಾದರೆ ಎಂಟರಲ್ಲೇ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಬರೆಸಿ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ.

ಹೆಜ್ಜೆ 6: ಹತ್ತನೇ ತರಗತಿಯ ವರ್ಷ

2023ರಲ್ಲಿ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಮೂಲಕ ನೇರ ನಿಗಾ ಬಂತು, ಫಲಿತಾಂಶ ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. 2025ರ ಮೊದಲ ಪರೀಕ್ಷೆಯಾದ ಪರೀಕ್ಷೆ-1ರಲ್ಲಿ ಶೇ 62.34. ಆ ವರ್ಷ ದಕ್ಷಿಣ ಕನ್ನಡ ಶೇ 91.12 ಪಡೆದು ಮೊದಲಿಗೆ, ಕಲಬುರಗಿ ಶೇ 42.43ರೊಂದಿಗೆ ಕೊನೆಗೆ ನಿಂತವು. ಕಲಬುರಗಿಯ ಮಕ್ಕಳಿಗೆ ಬುದ್ಧಿ ಕಡಿಮೆ ಎಂದಲ್ಲ. ಈ ಅಂಕಿಗಳನ್ನು ನಾನು ಓದುವುದು ಹೀಗೆ: ಕೊನೆಯ ತಿಂಗಳ ಉಪಾಯಗಳು ಈಗ ಕೈಹಿಡಿಯುವುದಿಲ್ಲ, ತರಗತಿಯಲ್ಲಿ ಕೂತು ಕಲಿತದ್ದೇ ಕೈಹಿಡಿಯುತ್ತದೆ.

ಜೂನ್‌ನಿಂದ ದಸರಾವರೆಗೆ ಒಂದೇ ಗುರಿ ಇರಲಿ, ಒಂದೂ ಪಾಠ ಬಾಕಿ ಉಳಿಯಬಾರದು. ದಸರಾ ರಜೆಯಲ್ಲಿ ಮೊದಲ ಸೆಮಿಸ್ಟರಿನ ಗಣಿತ, ವಿಜ್ಞಾನ ಮತ್ತೊಮ್ಮೆ. ಪರೀಕ್ಷೆಗೆ ಹೆಸರು ನೋಂದಾಯಿಸುವಾಗ ನಾಮಿನಲ್ ರೋಲ್‌ಗೆ, ಅಂದರೆ ಪರೀಕ್ಷೆ ಬರೆಯುವವರ ವಿವರದ ಪಟ್ಟಿಗೆ ಸಹಿ ಹಾಕುವ ಮೊದಲು ಹೆಸರಿನ ಪ್ರತಿ ಅಕ್ಷರ, ಹುಟ್ಟಿದ ದಿನ, ಭಾಷೆಗಳ ಆಯ್ಕೆ ನೋಡಿ. ಈ ಅಂಕಪಟ್ಟಿಯ ಜನ್ಮದಿನಾಂಕ ಜೀವನವಿಡೀ ಜೊತೆಗಿರುತ್ತದೆ.

ಡಿಸೆಂಬರಿನ ಹೊತ್ತಿಗೆ ಪಠ್ಯ ಮುಗಿಯುತ್ತಾ ಬರುತ್ತದೆ, ಆಮೇಲೆ ಪೂರ್ವಸಿದ್ಧತಾ ಪರೀಕ್ಷೆಗಳು, ಬೆಳಿಗ್ಗೆ ಸಂಜೆಯ ವಿಶೇಷ ತರಗತಿಗಳು. ಮನೆಯಲ್ಲೇ ಓದುತ್ತೇನೆ ಎಂದು ಜನವರಿಯಿಂದ ಶಾಲೆ ಬಿಡುವ ಮಕ್ಕಳನ್ನು ನಾನು ಪ್ರತಿ ವರ್ಷ ನೋಡಿದ್ದೇನೆ. ಕೆಲವರು ನಿಜವಾಗಿ ಓದುತ್ತಾರೆ, ಬಹಳಷ್ಟು ಮಂದಿ ಫೋನ್ ಹಿಡಿದು ಮಲಗುತ್ತಾರೆ. ಕಳಿಸಿ. ಸಂಜೆ ವಿಶೇಷ ತರಗತಿ ಮುಗಿಯುವ ಹೊತ್ತಿಗೆ ಕತ್ತಲಾಗುವುದಾದರೆ ಒಂದೇ ದಾರಿಯ ನಾಲ್ಕು ಮನೆಯವರು ಸರದಿಯಲ್ಲಿ ಕರೆದೊಯ್ಯಿರಿ.

ತುಂಬಾ ಹಿಂದಿರುವ ಮಕ್ಕಳಿಗೆ ಶಿಕ್ಷಕರು ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗಲು ಸಾಕಾಗುವಷ್ಟು ಆಯ್ದ ಪಾಠಭಾಗ, ಕೊಡುತ್ತಾರೆ. ಇದರ ಬಗ್ಗೆ ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಗಣಿತದಲ್ಲಿ ರೇಖಾತ್ಮಕ ಸಮೀಕರಣದ ನಕ್ಷೆ, ಥೇಲ್ಸ್ ಪ್ರಮೇಯ, ವಿಜ್ಞಾನದಲ್ಲಿ ಹೃದಯದ ಚಿತ್ರ, ಕಣ್ಣಿನ ಚಿತ್ರ, ಸಮಾಜದಲ್ಲಿ ಭಾರತದ ನಕ್ಷೆ, ಕನ್ನಡದಲ್ಲಿ ಕಂಠಪಾಠದ ಪದ್ಯ, ಗಾದೆ ವಿಸ್ತರಣೆ, ಪತ್ರ. ಇಷ್ಟನ್ನು ತಪ್ಪಿಲ್ಲದೆ ಬರೆಯಬಲ್ಲೆ ಎಂದು ಗೊತ್ತಾದ ಮಗುವಿನ ಮುಖವನ್ನು ಒಮ್ಮೆ ನೋಡಬೇಕು. ಅದು ಶಾಲೆಗೆ ಬರಲು ಶುರುಮಾಡುತ್ತದೆ. ವಾರಕ್ಕೊಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಮನೆಯಲ್ಲಿ ಮೂರು ಗಂಟೆ ಕೂತು ಬರೆಸಿ, ಮಧ್ಯೆ ಏಳಲು ಬಿಡಬೇಡಿ.

2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಉತ್ತಮ ಅಂಕವನ್ನೇ ಇಟ್ಟುಕೊಳ್ಳಬಹುದು. 2025–26ನೇ ಸಾಲಿನಿಂದ ಉತ್ತೀರ್ಣಕ್ಕೆ ಒಟ್ಟಾರೆ ಶೇ 33 ಎಂದೂ ನಿಯಮ ಬದಲಾಗಿದೆ. ಇದು ಮಗುವಿನ ಎದೆ ಹಗುರ ಮಾಡಲು ಇರುವ ವ್ಯವಸ್ಥೆ. ಪರೀಕ್ಷೆ-1ರಲ್ಲಿ ಒಂದು ವಿಷಯ ಹೋಯಿತೆಂದರೆ ಅಳುತ್ತಾ ಕೂರಲು ಸಮಯವಿಲ್ಲ. ಫಲಿತಾಂಶ ಬಂದ ವಾರವೇ ಶಾಲೆಗೆ ಹೋಗಿ ಪರೀಕ್ಷೆ-2ಕ್ಕೆ ನೋಂದಾಯಿಸಿ, ಪರಿಹಾರ ಬೋಧನೆಯ ತರಗತಿ ಯಾವಾಗ ಎಂದು ಕೇಳಿ.

ಹೆಜ್ಜೆ 7: ಹಾಜರಿ ಆಗಲೇ ಕಡಿಮೆಯಾಗಿದ್ದರೆ

ಮುಚ್ಚಿಡಬೇಡಿ. ನವೆಂಬರಿನಲ್ಲಿ ಹೇಳಿದರೆ ದಾರಿ ಇರುತ್ತದೆ, ಹಾಲ್ ಟಿಕೆಟ್ ಬರುವ ಹೊತ್ತಿಗೆ ಹೇಳಿದರೆ ಹೆಡ್ ಮಾಸ್ಟರರ ಕೈಯಲ್ಲೂ ಏನೂ ಇರುವುದಿಲ್ಲ. ಇದುವರೆಗೆ ನಡೆದ ದಿನ ಎಷ್ಟು, ಬಂದ ದಿನ ಎಷ್ಟು, ಉಳಿದ ದಿನ ಎಷ್ಟು ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಉದಾಹರಣೆಗೆ, 120 ದಿನ ನಡೆದು 78 ದಿನ ಬಂದಿದ್ದರೆ ಈಗ ಶೇ 65. ಉಳಿದ 100ರಲ್ಲಿ 87 ದಿನ ಬಂದರೆ 220ಕ್ಕೆ 165 ಆಗುತ್ತದೆ. ಇನ್ನು 13 ದಿನ ಮಾತ್ರ ತಪ್ಪಬಹುದು. “ಇನ್ನು ಮೇಲೆ ಸರಿಯಾಗಿ ಹೋಗು” ಎನ್ನುವುದಕ್ಕಿಂತ “ಇನ್ನು ಹದಿಮೂರು” ಎಂಬ ಸಂಖ್ಯೆ ಮಗುವಿಗೆ ನೇರವಾಗಿ ತಾಗುತ್ತದೆ. ಕಾಯಿಲೆ, ಆಪರೇಷನ್‌ನಂಥ ಕಾರಣವಿದ್ದರೆ ದಾಖಲೆಗಳನ್ನೆಲ್ಲ ಸೇರಿಸಿ ಹೆಡ್ ಮಾಸ್ಟರರ ಮೂಲಕ ವಿನಾಯಿತಿಗೆ ಬೇಗ ಬರೆಯಿರಿ.

ಅಷ್ಟಾದರೂ ಹಾಜರಿ ಸಾಲದೇ ಹೋದರೆ ಮಗುವಿನ ಓದು ಅಲ್ಲಿಗೆ ಮುಗಿಯಿತೆಂದಲ್ಲ. ಮುಂದಿನ ಸಾಲಿನಲ್ಲಿ ಮತ್ತೆ ಬರೆಯಬಹುದು, ಖಾಸಗಿ ಅಭ್ಯರ್ಥಿಯಾಗಿ ಕೂರುವ ದಾರಿಯೂ ಇದೆ. ಕೆಲಸಕ್ಕೆ ಸೇರಿಸುವ ಮುನ್ನ ಇದನ್ನು ಕೇಳಿ ತಿಳಿದುಕೊಳ್ಳಿ.

ಶಿಕ್ಷಕ ಮಿತ್ರರಿಗೆ

ಕರ್ನಾಟಕದ ಶಿಕ್ಷಣ ಹಕ್ಕು ನಿಯಮದಲ್ಲಿ ಮೊದಲು 60 ದಿನ ಸತತ ಗೈರಾದ ಮಗುವನ್ನು ಶಾಲೆ ಬಿಟ್ಟದ್ದೆಂದು ಎಣಿಸುತ್ತಿದ್ದರು. ಹೈಕೋರ್ಟ್ ಈ ವಿಷಯವನ್ನು ಕೈಗೆತ್ತಿಕೊಂಡ ಮೇಲೆ ಅದು ಸತತ 7 ದಿನಕ್ಕೆ ಇಳಿಯಿತು. ಒಳ್ಳೆಯ ಬದಲಾವಣೆ. ಆದರೆ ನನ್ನ ತರಗತಿಯ ಆ ಹುಡುಗ ಒಂದು ಸಲವೂ ಎರಡು ದಿನಕ್ಕಿಂತ ಹೆಚ್ಚು ಸತತವಾಗಿ ತಪ್ಪಿಸಿರಲಿಲ್ಲ. ಬಿಡಿಬಿಡಿ ಗೈರನ್ನು ಹಿಡಿಯುವ ಬಲೆ ಯಾವ ನಿಯಮದಲ್ಲೂ ಇಲ್ಲ, ಅದು ನಮ್ಮ ಕಣ್ಣಿನಲ್ಲೇ ಇರಬೇಕು.

ಅದಕ್ಕೆ ನಾನು ಮಾಡಿಕೊಂಡ ಪದ್ಧತಿ ಇದು. ಪ್ರತಿ ಶನಿವಾರ ಕೊನೆಯ ಬೆಲ್ ಆದ ಮೇಲೆ ಹಾಜರಿ ಪುಸ್ತಕದ ಆ ತಿಂಗಳ ಹಾಳೆ ತೆರೆದು, ಮೂರು ಗೈರು ದಾಟಿದ ಹೆಸರುಗಳನ್ನು ಒಂದು ಚೀಟಿಗೆ ಇಳಿಸುತ್ತೇನೆ. ಅದಕ್ಕೆ ಹತ್ತು ನಿಮಿಷ ಸಾಕು. ಆ ಮಕ್ಕಳ ಮನೆಗೆ ಅಂದೇ ಫೋನ್ ಮಾಡುತ್ತೇನೆ. ಮಾತು ಶುರುವಾಗುವುದು ದೂರಿನಿಂದ ಅಲ್ಲ, “ಹುಷಾರಾಗಿದ್ದಾನಾ ಅಮ್ಮಾ?” ಎಂಬುದರಿಂದ. ಸಹ ಶಿಕ್ಷಕರ ಬಳಿ ಆ ಚೀಟಿ ತೋರಿಸಿ ಯಾರ ಪೀರಿಯಡ್ ಯಾವ ದಿನ ಎಂದು ಹೋಲಿಸುತ್ತೇವೆ. ಹೋಂವರ್ಕ್ ಮಾಡದವರನ್ನು ಎದ್ದು ನಿಲ್ಲಿಸುವುದನ್ನು ಬಿಟ್ಟಿದ್ದೇನೆ. ಮಾಡಲಾಗದ ಲೆಕ್ಕದ ನಂಬರನ್ನು ಬರೆದು ತಂದರೆ ಅದನ್ನೂ ಹೋಂವರ್ಕ್ ಎಂದೇ ಎಣಿಸುತ್ತೇನೆ. ಮಂಗಳವಾರ, ಶುಕ್ರವಾರದ ಗೈರು ಆ ವರ್ಷವೇ ಕಡಿಮೆಯಾಯಿತು.

ಫೋನ್ ಎತ್ತದ ಮನೆಗಳು ಒಂದೆರಡು ಉಳಿಯುತ್ತವೆ. ಆ ಮನೆಯ ದಾರಿಯಲ್ಲಿ ಹೋಗುವ ಮಗುವಿನ ಕೈಯಲ್ಲಿ ಚೀಟಿ ಕಳಿಸುತ್ತೇನೆ. ಅದಕ್ಕೂ ಉತ್ತರ ಬಾರದಿದ್ದರೆ ಸೋಮವಾರ ಸಂಜೆ ಬೈಕ್ ಹತ್ತಿ ಹೋಗುತ್ತೇನೆ.